ಅಭಿನವ ಕಾಳಿದಾಸ ಬಸವಪ್ಪಶಾಸ್ತ್ರಿಗಳು

ಜಾತ್ರೆಯ ರಥೋತ್ಸವ ಮುಗಿದು, ದಾಸೋಹದ ಪಂಕ್ತಿಗಳೆಲ್ಲ ಎದ್ದ ಮೇಲೆ, ರಾತ್ರಿ ನಾಟಕ ನೋಡಲೆಂದು ಚಾಪೆ, ಕಂಬಳಿ ಹಿಡಿದು ಬಂದು ಕೂರುವುದು ನಮ್ಮ ನಾಡಿನ ಭಕ್ತಾದಿಗಳಿಗೆ ಹೊಸತಲ್ಲ. ಎರಡು ಮೂರು ಪರದೆ, ಒಂದು ಹಾರ್ಮೋನಿಯಂ, ಒಂದು ಜೊತೆ ತಬಲ. ಹಗಲೆಲ್ಲ ಹೊಲದಲ್ಲೋ ಅಂಗಡಿಯಲ್ಲೋ ದುಡಿದು ರಾತ್ರಿ ಮುಖಕ್ಕೆ ಬಣ್ಣ ಹಚ್ಚಿಕೊಂಡ ಊರಿನವರೇ ಪಾತ್ರಧಾರಿಗಳು. ಇಂತಹ ಪುಟ್ಟ ರಂಗದ ಮೇಲೆ ಪುರಾಣದ ರಾಜರು ಕನ್ನಡ ಮಾತನಾಡುವುದನ್ನು ನಮ್ಮ ಹಿರಿಯರು ಬಯಲಾಟದ ಕಾಲದಿಂದಲೂ ಕೇಳಿದ್ದರು. ಆದರೆ ಕಾಳಿದಾಸ, ಭವಭೂತಿ, ಹರ್ಷರ ನಾಟಕಗಳು ಮಾತ್ರ ಸಂಸ್ಕೃತ ಬಲ್ಲವರ ಓದಿನ ಕೋಣೆಯಲ್ಲಿಯೇ ಉಳಿದಿದ್ದವು. ಅವುಗಳನ್ನು ಕನ್ನಡ ರಂಗಕ್ಕೆ ಕರೆತಂದವರಲ್ಲಿ ಅಗ್ರಗಣ್ಯರು ವೀರಶೈವ ಸಮಾಜದಲ್ಲಿ ಜನಿಸಿದ ಬಸವಪ್ಪಶಾಸ್ತ್ರಿಗಳು. ಅವರ ಬಾಳಿನ ಕೆಲವು ಸಂಗತಿಗಳನ್ನು ಭಕ್ತರ ಮುಂದಿಡಲು ನಾವು ಬಯಸುತ್ತೇವೆ.

ಶಾಸ್ತ್ರಿಗಳು 1843ರಲ್ಲಿ ಬೆಂಗಳೂರು ಸೀಮೆಯ ನಾರುಸಂದ್ರ ಗ್ರಾಮದಲ್ಲಿ ಜನಿಸಿದರು. ತಂದೆ ಮಹದೇವಶಾಸ್ತ್ರಿಗಳಿಗೆ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ ಆಶ್ರಯವಿತ್ತು. ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡ ಹುಡುಗನನ್ನು ಅರಮನೆಯೇ ಪೋಷಿಸಿತು. ಆಸ್ಥಾನ ವಿದ್ವಾಂಸರಾಗಿದ್ದ ಗರಳಪುರಿ ಶಾಸ್ತ್ರಿಗಳಲ್ಲಿ ಅವರು ಸಂಸ್ಕೃತವನ್ನು ಅಭ್ಯಾಸ ಮಾಡಿದರು. ಹದಿನೆಂಟರ ಹರೆಯದಲ್ಲಿಯೇ ಕೃಷ್ಣರಾಜಾಭ್ಯುದಯವೆಂಬ ಕಾವ್ಯವನ್ನು ರಚಿಸಿ ತಮ್ಮನ್ನು ಸಾಕಿದ ಪ್ರಭುವಿನ ಮೆಚ್ಚುಗೆಗೆ ಪಾತ್ರರಾದರು. 1868ರಲ್ಲಿ ಮುಮ್ಮಡಿಯವರು ಕಾಲವಾದಾಗ ಶಾಸ್ತ್ರಿಗಳಿಗೆ ಇಪ್ಪತ್ತೈದು ವರ್ಷ. ಅಲ್ಲಿಯವರೆಗೆ ನೋಡಿದರೆ ಅವರದು ಆಸ್ಥಾನ ಕವಿಯೊಬ್ಬನ ವಾಡಿಕೆಯ ಬಾಳು. ಅಲ್ಲಿಗೇ ನಿಂತಿದ್ದರೆ ಇಂದು ಸಾಹಿತ್ಯ ಚರಿತ್ರೆಯ ಒಂದು ಸಾಲಿನಲ್ಲಿ ಅವರ ಹೆಸರು ಮುಗಿಯುತ್ತಿತ್ತು.

1881ರಲ್ಲಿ ಚಾಮರಾಜ ಒಡೆಯರು ರಾಜ್ಯಾಧಿಕಾರವನ್ನು ವಹಿಸಿಕೊಂಡರು. ಆ ಸುಮಾರಿಗೆ ಮರಾಠಿ ಮತ್ತು ಪಾರ್ಸಿ ನಾಟಕ ಮಂಡಳಿಗಳು ಮೈಸೂರಿಗೆ ಬಂದು ಆಡಿದ ನಾಟಕಗಳು ಅರಮನೆಯವರ ಮನಸ್ಸನ್ನು ಸೆಳೆದಿದ್ದವು. ಪರಭಾಷೆಯವರು ಇಷ್ಟು ಸೊಗಸಾಗಿ ಆಡುವಾಗ ಕನ್ನಡದಲ್ಲಿ ಏಕಾಗದು ಎಂಬ ಪ್ರಶ್ನೆ ಮೂಡಿತು. ಅದಕ್ಕೆ ಉತ್ತರವಾಗಿ ಹುಟ್ಟಿದ್ದು ಶ್ರೀ ಚಾಮರಾಜೇಂದ್ರ ಕರ್ನಾಟಕ ನಾಟಕ ಸಭಾ. ನಟರು ಸಿಕ್ಕರು, ಸಂಗೀತಗಾರರು ಸಿಕ್ಕರು. ಆಡಲು ಕನ್ನಡ ನಾಟಕಗಳು ಎಲ್ಲಿದ್ದವು? ಆ ಭಾರವು ಬಸವಪ್ಪಶಾಸ್ತ್ರಿಗಳ ಹೆಗಲಿಗೆ ಬಂದಿತು.

ಅವರು ಮೊದಲು ಕೈಗೆತ್ತಿಕೊಂಡ ನಾಟಕಗಳಲ್ಲಿ ಮುಖ್ಯವಾದದ್ದು ಕಾಳಿದಾಸನ ಶಾಕುಂತಲ. ಉತ್ತರ ಕರ್ನಾಟಕದಲ್ಲಿ ಚುರಮರಿ ಶೇಷಗಿರಿರಾಯರು ಅದಕ್ಕೆ ಹಲವು ವರ್ಷ ಮೊದಲೇ ಶಾಕುಂತಲವನ್ನು ಕನ್ನಡಿಸಿದ್ದರೆಂಬುದನ್ನು ಇಲ್ಲಿ ಮರೆಯಲಾಗದು. ಚುರಮರಿಯವರದು ಜನರ ಆಡುಮಾತಿಗೆ ಹತ್ತಿರವಾದ ದಾರಿ. ಶಾಸ್ತ್ರಿಗಳದು ಕಂದ, ವೃತ್ತಗಳ ಹಳೆಯ ಕಾವ್ಯಮಾರ್ಗವನ್ನು ಬಿಡದೆಯೇ ರಂಗಕ್ಕೆ ಒಗ್ಗಿಸಿಕೊಂಡ ದಾರಿ. ಯಾವುದು ಹೆಚ್ಚು, ಯಾವುದು ಕಡಿಮೆ ಎಂಬ ವಾದ ನಮಗೆ ಬೇಕಿಲ್ಲ. ಎರಡು ಸೀಮೆಗಳು ಒಬ್ಬಳೇ ಶಕುಂತಲೆಯನ್ನು ತಮ್ಮ ತಮ್ಮ ಮನೆಯ ಮಗಳಾಗಿ ಮಾಡಿಕೊಂಡವು.

ಮನೆಯ ಮಗಳೆಂಬ ಮಾತನ್ನು ನಾವು ಸುಮ್ಮನೆ ಹೇಳುತ್ತಿಲ್ಲ. ನಾಟಕದ ನಾಲ್ಕನೆಯ ಅಂಕವನ್ನು ನೆನೆಯಿರಿ. ಸಂಸಾರವನ್ನು ತೊರೆದ ಕಣ್ವ ಮಹರ್ಷಿಯು ಸಾಕಿದ ಮಗಳನ್ನು ಗಂಡನ ಮನೆಗೆ ಕಳುಹಿಸುವ ಹೊತ್ತಿನಲ್ಲಿ ಕಂಠ ಬಿಗಿದು ನಿಲ್ಲುತ್ತಾನೆ. ಕಾಡಿನಲ್ಲಿ ತಪಸ್ಸು ಮಾಡುವ ತನಗೇ ಹೀಗಾದರೆ ಗೃಹಸ್ಥರ ಪಾಡೇನೆಂದು ಚಿಂತಿಸುತ್ತಾನೆ. ಅವಳು ನೀರೆರೆದ ಗಿಡಗಳು, ಸಾಕಿದ ಜಿಂಕೆಮರಿ, ಇಬ್ಬರು ಗೆಳತಿಯರು, ಎಲ್ಲರೂ ಅವಳನ್ನು ಬೀಳ್ಕೊಡುತ್ತಾರೆ. ಹೆಣ್ಣೊಪ್ಪಿಸುವ ಶಾಸ್ತ್ರದಲ್ಲಿ ಕಣ್ಣೀರಿಡದ ತಾಯಿತಂದೆಯರು ನಮ್ಮ ಹಳ್ಳಿಗಳಲ್ಲಿ ಯಾರಿದ್ದಾರೆ? ಈ ದೃಶ್ಯವನ್ನು ಅರ್ಥಮಾಡಿಕೊಳ್ಳಲು ಸಂಸ್ಕೃತವೂ ಬೇಡ, ಅಲಂಕಾರಶಾಸ್ತ್ರವೂ ಬೇಡ. ಬೇಕಾದದ್ದು ಕನ್ನಡದಲ್ಲಿ ಅದನ್ನು ಹಾಡಬಲ್ಲ, ಆಡಬಲ್ಲ ಒಂದು ಪಠ್ಯ. ಅದನ್ನು ಶಾಸ್ತ್ರಿಗಳು ಒದಗಿಸಿದರು.

ಅನುವಾದದ ಕಷ್ಟವನ್ನೂ ಸ್ವಲ್ಪ ಹೇಳಬೇಕು. ಮೂಲದಲ್ಲಿ ರಾಜನೂ ಋಷಿಯೂ ಸಂಸ್ಕೃತದಲ್ಲಿ ಮಾತನಾಡಿದರೆ ಶಕುಂತಲೆ, ಅವಳ ಸಖಿಯರು, ವಿದೂಷಕ, ಉಂಗುರ ಸಿಕ್ಕ ಬೆಸ್ತ, ಇವರೆಲ್ಲ ಪ್ರಾಕೃತದಲ್ಲಿ ಮಾತನಾಡುತ್ತಾರೆ. ಕನ್ನಡಕ್ಕೆ ಬಂದಾಗ ಎಲ್ಲರದೂ ಒಂದೇ ನುಡಿ. ಒಬ್ಬೊಬ್ಬರ ಅಂತಸ್ತು, ಸ್ವಭಾವಗಳನ್ನು ಆ ಒಂದೇ ನುಡಿಯೊಳಗೆ ಬೇರ್ಪಡಿಸಿ ತೋರಿಸಬೇಕು. ಇನ್ನು ಶ್ಲೋಕಗಳು. ಒಂದು ಶ್ಲೋಕದ ನಾಲ್ಕು ಪಾದಗಳಲ್ಲಿ ಅಡಗಿದ ಅರ್ಥವನ್ನು ಓದುಗನು ಎರಡು ಬಾರಿ ಓದಿ ಗ್ರಹಿಸಬಹುದು. ರಂಗದ ಮುಂದೆ ಕುಳಿತವನಿಗೆ ಒಮ್ಮೆಗೇ ಕಿವಿಗೆ ತಾಗಬೇಕು. ಆದ್ದರಿಂದಲೇ ಶಾಸ್ತ್ರಿಗಳ ನಾಟಕಗಳಲ್ಲಿ ರಾಗಕ್ಕೆ ಹೊಂದುವ ಪದ್ಯಗಳಿಗೂ ಹಾಡುಗಳಿಗೂ ಅಷ್ಟು ಮಹತ್ವ. ಹಾಡು ಮೂಲಕ್ಕೆ ಹೊರಗಿನದೆಂದು ಆಕ್ಷೇಪಿಸುವವರು ಶಾಕುಂತಲದ ಪ್ರಸ್ತಾವನೆಯನ್ನು ನೋಡಬೇಕು. ಅಲ್ಲಿ ನಟಿ ಗ್ರೀಷ್ಮವನ್ನು ಕುರಿತು ಹಾಡುತ್ತಾಳೆ. ಆ ಹಾಡಿಗೆ ಮೈಮರೆತ ಸೂತ್ರಧಾರನು ತಾನು ಆಡಿಸಬೇಕಾದ ನಾಟಕ ಯಾವುದೆಂಬುದನ್ನೇ ಮರೆಯುತ್ತಾನೆ!

ಶಾಕುಂತಲವನ್ನು ಮೆಚ್ಚಿದ ಚಾಮರಾಜ ಒಡೆಯರು ಶಾಸ್ತ್ರಿಗಳಿಗೆ ಅಭಿನವ ಕಾಳಿದಾಸರೆಂಬ ಬಿರುದನ್ನಿತ್ತರು. ಬಿರುದು ದೊಡ್ಡದು, ಅದನ್ನು ಹೊತ್ತುಕೊಂಡು ಅವರು ಸುಮ್ಮನೆ ಕೂರಲಿಲ್ಲ. ವಿಕ್ರಮೋರ್ವಶೀಯ, ಹರ್ಷನ ರತ್ನಾವಳಿ, ಭವಭೂತಿಯ ಉತ್ತರರಾಮಚರಿತೆ ಮತ್ತು ಮಾಲತೀಮಾಧವ, ಕ್ಷೇಮೀಶ್ವರನ ಚಂಡಕೌಶಿಕ, ಹೀಗೆ ಒಂದರ ಹಿಂದೊಂದು ಕನ್ನಡಕ್ಕೆ ಬಂದವು. ಚಂಡಕೌಶಿಕವು ಹರಿಶ್ಚಂದ್ರನ ಕಥೆ. ಹಂಪೆಯ ರಾಘವಾಂಕನ ಕಾವ್ಯದಿಂದ ಆ ಕಥೆ ನಮ್ಮವರ ನಾಲಗೆಯ ಮೇಲಿತ್ತು. ಸುಡುಗಾಡಿನಲ್ಲಿ ಮಗನ ಶವವನ್ನು ತಂದ ಹೆಂಡತಿಯ ಬಳಿ ತೆರೆ ಕೇಳುವ ಗಂಡನನ್ನು ಈಗ ಸಂಸ್ಕೃತ ನಾಟಕದ ದಾರಿಯಿಂದಲೂ ಕಾಣುವಂತಾಯಿತು.

ಇನ್ನೊಂದು ಸಾಹಸವನ್ನು ಹೇಳದೆ ಮುಂದೆ ಹೋಗಲಾರೆವು. ಶಾಸ್ತ್ರಿಗಳಿಗೆ ಇಂಗ್ಲಿಷ್ ಬಾರದು. ಆದರೂ ಷೇಕ್ಸ್‌ಪಿಯರನ ಒಥೆಲೊ ನಾಟಕವು ಅವರ ಲೇಖನಿಯಿಂದ ಶೂರಸೇನ ಚರಿತ್ರೆಯೆಂಬ ಕನ್ನಡ ನಾಟಕವಾಯಿತು. ಇಂಗ್ಲಿಷ್ ಬಲ್ಲ ಸಿ. ಸುಬ್ಬರಾಯರು ಮೂಲವನ್ನು ಕನ್ನಡದಲ್ಲಿ ತಿಳಿಸಿಕೊಡಲು, ಶಾಸ್ತ್ರಿಗಳು ಅದಕ್ಕೆ ನಾಟಕದ ರೂಪವನ್ನಿತ್ತರು. ತಮಗೆ ತಿಳಿಯದ ಭಾಷೆಯ ಕವಿಯ ಮುಂದೆ, ಬಿರುದಾಂಕಿತ ವಿದ್ವಾಂಸರೊಬ್ಬರು ಕೇಳಿ ಕಲಿಯುವವರಾಗಿ ಕುಳಿತರೆಂಬುದು ನಮಗೆ ಅವರ ಎಲ್ಲ ಬಿರುದುಗಳಿಗಿಂತ ಹಿರಿದಾಗಿ ಕಾಣುತ್ತದೆ. ದಮಯಂತೀ ಸ್ವಯಂವರ, ಸಾವಿತ್ರೀ ಚರಿತ್ರೆ, ಭರ್ತೃಹರಿಯ ಸುಭಾಷಿತಗಳ ಕನ್ನಡ ರೂಪ, ಇವು ಅವರ ಇತರ ಕೃತಿಗಳು. ಮೈಸೂರು ಸಂಸ್ಥಾನದ ನಾಡಗೀತೆಯಾಗಿದ್ದ ಕಾಯೌ ಶ್ರೀಗೌರಿಯೂ ಅವರದೇ ರಚನೆ.

ಅರಮನೆಯಲ್ಲಿ ಹುಟ್ಟಿದ್ದು ಅರಮನೆಯಲ್ಲಿಯೇ ಉಳಿಯಲಿಲ್ಲ. ಆ ದಶಕದಲ್ಲಿಯೇ, 1884ರಲ್ಲಿ, ತುಮಕೂರು ಸೀಮೆಯ ಗುಬ್ಬಿಯಲ್ಲಿ ಕೆಲವು ಆಸಕ್ತ ಗೆಳೆಯರು ಸೇರಿ ತಮ್ಮೂರಿನ ಶ್ರೀ ಚನ್ನಬಸವೇಶ್ವರ ಸ್ವಾಮಿಯ ಹೆಸರಿನಲ್ಲಿ ನಾಟಕ ಸಂಘವೊಂದನ್ನು ಕಟ್ಟಿದರು. ಮುಂದೆ ಗುಬ್ಬಿ ವೀರಣ್ಣನವರ ಕಾಲದಲ್ಲಿ ನಾಡಿನಾಚೆಗೂ ಹೆಸರಾದ ಕಂಪನಿಯದು; ಆರಂಭದಲ್ಲಿ ಅದೂ ಒಂದು ಊರಿನ ಪುಟ್ಟ ಮೇಳವೇ. ಮೈಸೂರು ಸೀಮೆಯ ಊರೂರುಗಳಲ್ಲಿ ನಾಟಕದ ಹಂಬಲ ಹಬ್ಬಿದ ಕಾಲದಲ್ಲಿ ಶಾಸ್ತ್ರಿಗಳ ನಾಟಕಗಳು ವೃತ್ತಿ ಮಂಡಳಿಗಳಿಗೆ ಆಧಾರವಾಗಿ ಒದಗಿದವು. ಸ್ತ್ರೀಪಾತ್ರಗಳನ್ನು ಪುರುಷರೇ ಧರಿಸುತ್ತಿದ್ದರು. ಪದ್ಯಗಳ ಹಳಗನ್ನಡ ಎಲ್ಲರಿಗೂ ತಿಳಿಯುವಂಥದ್ದಲ್ಲ. ಇಂದಿನ ಪ್ರೇಕ್ಷಕರಿಗಂತೂ ಕಠಿಣವೇ ಸರಿ. ಆದರೆ ಅಕ್ಷರ ಬಾರದ ಹಿರಿಯರು ರಂಗದ ಕಂದಪದ್ಯವನ್ನು ರಾಗದ ಬಲದಿಂದಲೇ ಬಾಯಿಪಾಠ ಮಾಡಿಕೊಂಡು ಮುಂಜಾನೆ ನೇಗಿಲು ಹೂಡುವಾಗ ಗುನುಗುವುದನ್ನು ನಾವು ಬಾಲ್ಯದಲ್ಲಿ ಕೇಳಿದ್ದೇವೆ.

ಶಾಸ್ತ್ರಿಗಳು 1891ರಲ್ಲಿ, ಇನ್ನೂ ಐವತ್ತು ತುಂಬುವ ಮೊದಲೇ, ಲಿಂಗೈಕ್ಯರಾದರು. ಮೂರು ವರ್ಷಗಳ ತರುವಾಯ ಚಾಮರಾಜ ಒಡೆಯರೂ ಕಾಲವಾದರು. ಕವಿಯೂ ಪೋಷಕನೂ ಇಲ್ಲವಾದ ಮೇಲೂ ನಾಟಕಗಳು ನಡೆದವು. ಕವಿಯ ಹೆಸರು ಮಾತ್ರ ಕ್ರಮೇಣ ಹಿಂದೆ ಸರಿಯಿತು. ಅದಕ್ಕೆ ಕಾರಣ ನಾಟಕದೊಳಗೇ ಇದೆ: ಪ್ರಸ್ತಾವನೆಯಲ್ಲಿ ಸೂತ್ರಧಾರನು ಕಾಳಿದಾಸನ ಹೆಸರನ್ನು ಸಭೆಗೆ ಸಾರುತ್ತಾನೆ, ಕನ್ನಡಿಸಿದವರ ಹೆಸರನ್ನು ಹೇಳಲು ಅಲ್ಲಿ ಸ್ಥಳವಿಲ್ಲ. ಹೀಗಾಗಿ ತಲೆತಲಾಂತರಗಳ ಪ್ರೇಕ್ಷಕರು ಶಾಸ್ತ್ರಿಗಳ ಮಾತನ್ನು ಕೇಳುತ್ತಲೇ ಶಾಸ್ತ್ರಿಗಳನ್ನು ಅರಿಯದೆ ಮನೆಗೆ ಮರಳಿದರು.

ಜಾತ್ರೆ, ಉತ್ಸವಗಳ ಸಂದರ್ಭದಲ್ಲಿ ಈ ನಾಟಕಗಳನ್ನು ಆಡುವ ಊರಿನ ಮೇಳಗಳು ಇನ್ನೂ ಅಲ್ಲಲ್ಲಿ ಇವೆ. ಆಡುವ ಪಠ್ಯವು ಶಾಸ್ತ್ರಿಗಳದ್ದಾಗಿದ್ದರೆ, ಕರಪತ್ರವನ್ನು ಅಚ್ಚು ಹಾಕಿಸುವಾಗ ಹಾರ್ಮೋನಿಯಂ ಮೇಷ್ಟರ ಹೆಸರು, ಪರದೆಯ ಬಾಡಿಗೆ ಕೊಟ್ಟವರ ಹೆಸರು, ದಾನಿಗಳ ಹೆಸರುಗಳ ಜೊತೆಗೆ ಬಸವಪ್ಪಶಾಸ್ತ್ರಿಗಳ ಹೆಸರನ್ನೂ ಕಾಳಿದಾಸನ ಹೆಸರಿನ ಕೆಳಗೆ ಒಂದು ಸಾಲಿನಲ್ಲಿ ಸೇರಿಸಬೇಕೆಂದು ಸಂಘದ ಪದಾಧಿಕಾರಿಗಳಲ್ಲಿ ನಾವು ಕೋರುತ್ತೇವೆ. ಭಕ್ತರಲ್ಲಿ ಯಾರ ಮನೆಯಲ್ಲಾದರೂ ಅಟ್ಟದ ಮೇಲೆ ಇವರ ನಾಟಕಗಳ ಹಳೆಯ ಮುದ್ರಣದ ಪ್ರತಿಗಳಿದ್ದಲ್ಲಿ, ಗೆದ್ದಲಿಗೆ ತುತ್ತಾಗುವ ಮುನ್ನ ಅವುಗಳನ್ನು ಮಠಕ್ಕೆ ತಂದು ತೋರಿಸಿದರೆ ಓದಿ, ಕಾಪಾಡಿ, ಕೇಳಿದ ಮೇಳದವರಿಗೆ ಪ್ರತಿ ಮಾಡಿಕೊಡುವ ವ್ಯವಸ್ಥೆಯನ್ನು ಮಾಡಬಹುದು.