ಫೂಟ್ ಸಾಹೇಬರೂ ಬಳ್ಳಾರಿಯ ಬೋಕಿಗಳೂ

ಬಳ್ಳಾರಿ ಸೀಮೆಯ ಬೂದಿದಿಬ್ಬಗಳನ್ನು ನಮ್ಮ ವಾಚಕರಲ್ಲಿ ಅನೇಕರು ಕಂಡಿರಬಹುದು. ಹಿಡಿಂಬಾಸುರನನ್ನು ಸುಟ್ಟ ಬೂದಿಯೆಂದು ಹಳ್ಳಿಗರು ಹೇಳುತ್ತ ಬಂದ ಈ ದಿಬ್ಬಗಳು ಪ್ರಾಚೀನರ ದನದ ದೊಡ್ಡಿಗಳಲ್ಲಿ ರಾಶಿಬಿದ್ದು ಬೆಂದ ಸಗಣಿಯೆಂದು ಯುಕ್ತಿಪೂರ್ವಕವಾಗಿ ವಾದಿಸಿದವರು ರಾಬರ್ಟ್ ಬ್ರೂಸ್ ಫೂಟ್ ಸಾಹೇಬರು.

1834ರಲ್ಲಿ ಇಂಗ್ಲೆಂಡಿನಲ್ಲಿ ಜನಿಸಿದ ಇವರು 1858ರಲ್ಲಿ ಭಾರತದ ಭೂಗರ್ಭ ಇಲಾಖೆಯನ್ನು ಸೇರಿದರು. 1863ರ ಮೇ ತಿಂಗಳಲ್ಲಿ ಮದರಾಸಿನ ಬಳಿಯ ಪಲ್ಲಾವರದಲ್ಲಿ ಇವರಿಗೆ ದೊರೆತ ಕಲ್ಲಿನ ಆಯುಧವು ಈ ದೇಶದಲ್ಲಿಯೂ ಹಳೆಯ ಶಿಲಾಯುಗದ ಮಾನವನಿದ್ದನೆಂದು ತೋರಿಸಿತು. 1891ರಲ್ಲಿ ನಿವೃತ್ತರಾದ ಮೇಲೆ ಬರೋಡಾ ಸಂಸ್ಥಾನದಲ್ಲಿಯೂ, ಅನಂತರ ಮೈಸೂರಿನಲ್ಲಿಯೂ ಸೇವೆ ಸಲ್ಲಿಸಿದರು.

ಸರಕಾರದ ಸಂಬಳವು ಬಂಡೆಗಳ ಪರೀಕ್ಷೆಗೆ. ಬೋಕಿ ಆಯುವುದು ಅವರ ಸ್ವಂತದ ಹುಚ್ಚು. ಅಂದಿನ ಪಂಡಿತರ ಆಸೆಯೆಲ್ಲ ಶಾಸನ ನಾಣ್ಯಗಳ ಮೇಲೆ. ಆದರೆ ಅರಸರ ಹೆಸರೇ ಇಲ್ಲದ ಕಾಲದ ಒಕ್ಕಲಿಗರು ಶಾಸನವನ್ನು ಎಲ್ಲಿಂದ ಬರೆಸಿಯಾರು? ಅವರು ಬಿಟ್ಟುಹೋದದ್ದು ಉಜ್ಜಿದ ಕಲ್ಲುಕೊಡಲಿಗಳನ್ನೂ ಒಡೆದ ಗಡಿಗೆಗಳನ್ನೂ. ಮಿರುಗಿಲ್ಲದ ಒರಟು ಬೋಕಿಗಳನ್ನು ಕಲ್ಲುಕೊಡಲಿಯ ಕಾಲಕ್ಕೂ, ಮೆರುಗಿಟ್ಟ ನುಣುಪಾದವುಗಳನ್ನು ಕಬ್ಬಿಣದ ಕಾಲಕ್ಕೂ ಫೂಟರು ವಿಂಗಡಿಸಿದರು. ಆಯ್ದದ್ದು ಬಹುಮಟ್ಟಿಗೆ ನೆಲದ ಮೇಲಿನಿಂದ. ಆದಕಾರಣ ಹಿಂದುಮುಂದನ್ನು ಊಹಿಸಬಹುದಿತ್ತಲ್ಲದೆ ವರ್ಷಗಳನ್ನು ಎಣಿಸುವಂತಿರಲಿಲ್ಲ. ಇದೊಂದು ನ್ಯೂನತೆಯೆಂದು ನಾವು ಒಪ್ಪತಕ್ಕದ್ದೇ.

400ಕ್ಕೂ ಮಿಕ್ಕ ಸ್ಥಳಗಳ ಈ ಸಂಗ್ರಹವನ್ನು 1904ರಲ್ಲಿ ಮದರಾಸು ಸರಕಾರವು ಕೊಂಡಿತು. ಸಾಹೇಬರು 1912ರಲ್ಲಿ ತೀರಿಕೊಂಡರು. ಅದರ ಪಟ್ಟಿ 1914ರಲ್ಲಿಯೂ, ಕಾಲವಿಚಾರದ ಟಿಪ್ಪಣಿಗಳು 1916ರಲ್ಲಿಯೂ ಅಚ್ಚಾದುವು. ಅವನ್ನು ನೋಡುವ ಭಾಗ್ಯ ಅವರಿಗಿರಲಿಲ್ಲ.

1947ರಲ್ಲಿ ವ್ಹೀಲರ್ ಸಾಹೇಬರು ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯನ್ನು ಅಗೆಸಿದಾಗ ಫೂಟರ ಅನುಕ್ರಮವೇ ಪದರಪದರವಾಗಿ ಕಂಡಿತು. ತಳದಲ್ಲಿ ಕಲ್ಲುಕೊಡಲಿಗಳೊಡನೆ ಕೈಯಿಂದ ಮಾಡಿದ ಒರಟು ಗಡಿಗೆ. ಅದರ ಮೇಲೆ ಕಬ್ಬಿಣದೊಡನೆ ಕಪ್ಪುಕೆಂಪಿನ ನುಣುಪು ಪಾತ್ರೆ. ಎಲ್ಲಕ್ಕೂ ಮೇಲೆ, ರೋಮಿನ ವ್ಯಾಪಾರದಿಂದ ಕಾಲ ಗೊತ್ತಾಗಿದ್ದ ಅರಿಕಮೇಡಿನ ಮಾದರಿಯ ತಟ್ಟೆ. ಅಲ್ಲಿಂದ ಕೆಳಕ್ಕೆ ಲೆಕ್ಕ ಹಾಕಿ, ಕಲ್ಲುಕೊಡಲಿಯವರ ಆರಂಭವನ್ನು ವ್ಹೀಲರರು ಕ್ರಿ. ಪೂ. 1000ದ ಸುಮಾರಿಗೆ ಇಟ್ಟರು. ಕ್ರಮವು ನಿರ್ದುಷ್ಟವಾದುದು; ವರ್ಷಗಳನ್ನು ಕೊಡುವುದರಲ್ಲಿ ಮಾತ್ರ ಕೈ ಬಿಗಿಯಾಯಿತೆಂದು ನಮ್ಮ ಅಭಿಪ್ರಾಯ. ಇದ್ದಲಿನ ಇಂಗಾಲವನ್ನು ಅಳೆಯುವ ವಿಧಾನವು ಬಂದ ಮೇಲೆ ದಕ್ಷಿಣದ ಈ ಬೇಸಾಯಗಾರರ ಕಾಲವು ಕ್ರಿ. ಪೂ. 3000ದ ಹತ್ತಿರಕ್ಕೆ ಸರಿಯಿತು. 1957ರಲ್ಲಿ ಉಟ್ನೂರಿನ ಬೂದಿದಿಬ್ಬದಲ್ಲಿ ಆಲ್ಚಿನ್ ಎಂಬವರಿಗೆ ದನಗಳ ಗೊರಸಿನ ಗುರುತುಗಳೇ ದೊರೆತು, ಫೂಟರ ಸಗಣಿಯ ವಾದವೂ ನಿಂತಿತು.

ಈ ಜನರು ಎಲ್ಲಿಂದ ಬಂದರೆಂಬುದಕ್ಕೆ ಬೋಕಿಯೊಂದೇ ಉತ್ತರ ಕೊಡಲಾರದು. ಸಂಗನಕಲ್ಲಿನಲ್ಲಿ ದೊರೆತ ಕರಕಲು ಕಾಳುಗಳಲ್ಲಿ ಹುರುಳಿಯೂ, ಹೆಸರೂ, ಕೊರಲೆಯೂ ಇವೆ. ಇವು ಭರತಖಂಡದಲ್ಲಿಯೇ ಒಕ್ಕಲಾದ ಧಾನ್ಯಗಳು. ಗೋದಿ ಜವೆಗಳು ಉತ್ತರದಿಂದ ಬಳಿಕ ಬಂದುವು. ಬೇಸಾಯವೆಲ್ಲ ಹೊರಗಿನವರು ಹೊತ್ತುತಂದ ಕಾಣಿಕೆಯೆಂದು ಹೇಳುವವರು ಈ ಹುರುಳಿಗೆ ಸಮಾಧಾನ ಹೇಳಬೇಕು.

ಸಂಗನಕಲ್ಲಿನ ಗುಡ್ಡವನ್ನು ಕಲ್ಲುಗಣಿಯವರು ಸಿಡಿಮದ್ದಿನಿಂದ ಕೆಡಿಸಿದ್ದುಂಟು. ಬಳ್ಳಾರಿಯ ವಸ್ತುಸಂಗ್ರಹಾಲಯಕ್ಕೆ ಈಗ ಫೂಟ್ ಸಾಹೇಬರ ಹೆಸರಿದೆ; ಅವರು ಆಯ್ದ ಬೋಕಿಗಳಿರುವುದು ಮದರಾಸಿನ ಎಗ್ಮೋರಿನಲ್ಲಿ.