ಆಯುಧ ಇಳಿಸುವ ಕಾಯಕ: ವಯಾಟ್ ಅರ್ಪನ ಜೀವನ

ಅಮೆರಿಕೆಯ ಪಶ್ಚಿಮ ಸೀಮೆಯ ಚಲಚ್ಚಿತ್ರಗಳನ್ನು ಕಂಡಿರುವ ನಮ್ಮ ಓದುಗ ಬಂಧುಗಳಿಗೆ ವಯಾಟ್ ಅರ್ಪನ ಹೆಸರು ಹೊಸದಲ್ಲ. ಜಗತ್ತು ಆತನನ್ನು ಪಿಸ್ತೂಲಿನ ಶೂರನೆಂದು ಕೊಂಡಾಡುತ್ತದೆ. ಆದರೆ ಪೊಲೀಸನಾಗಿ ಆತನ ಕರ್ತವ್ಯವು ಗುಂಡು ಹಾರಿಸುವುದಕ್ಕಿಂತ, ಪಿಸ್ತೂಲು ಧರಿಸಿ ತಿರುಗುವವರಿಂದ ಅದನ್ನು ಇಳಿಸುವುದಾಗಿತ್ತು.

1848ರ ಮಾರ್ಚ್ 19ರಂದು ಇಲಿನಾಯ್ ಪ್ರಾಂತದಲ್ಲಿ ಜನಿಸಿದ ಅರ್ಪನು, 1870ರ ದಶಕದಲ್ಲಿ ವಿಚಿಟಾ ಹಾಗೂ ಡಾಜ್ ಸಿಟಿಗಳಲ್ಲಿ ಪೊಲೀಸನಾಗಿದ್ದನು. ದನದ ಹಿಂಡುಗಳೊಡನೆ ಬಂದ ಗೋವಳರು ಕುಡಿದು ಹಠ ಹಿಡಿದರೆ, ಪಿಸ್ತೂಲಿನ ನಳಿಗೆಯಿಂದ ತಲೆಗೆ ಹೊಡೆದು ಸೆರೆಗೊಯ್ಯುತ್ತಿದ್ದನು. ಗುಂಡು ಹಾರಿಸಿದ್ದು ವಿರಳ.

1879ರ ಕೊನೆಗೆ ಆತನು ಸೋದರರೊಡನೆ ಅರಿಜೋನಾದ ಬೆಳ್ಳಿಗಣಿಯ ಊರಾದ ಟೂಮ್‌ಸ್ಟೋನಿಗೆ ಬಂದನು. ಊರನ್ನು ಹೊಕ್ಕವರು ತಮ್ಮ ಆಯುಧಗಳನ್ನು ಕುದುರೆಲಾಯದಲ್ಲಾಗಲಿ ಪಾನಗೃಹದಲ್ಲಾಗಲಿ ಒಪ್ಪಿಸಬೇಕೆಂದು 1881ರ ಏಪ್ರಿಲ್‌ನಲ್ಲಿ ಅಲ್ಲಿ ಕಟ್ಟಳೆಯಾಯಿತು. ಹೀಗೆ ಊರಿನ ಶಾಂತಿಯ ಭಾರದಲ್ಲಿ ಗಲ್ಲಾದ ಮೇಲೆ ಕುಳಿತವನಿಗೂ ಒಂದು ಪಾಲು ಬಂದಿತು!

ಅದೇ ವರ್ಷದ ಅಕ್ಟೋಬರ್ 26ರ ಬೆಳಿಗ್ಗೆ, ಐಕ್ ಕ್ಲಾಂಟನ್ ಎಂಬವನು ಅರ್ಪರನ್ನು ಕೊಲ್ಲುವೆನೆಂದು ಕೋವಿ ಹಿಡಿದು ಬೀದಿಯಲ್ಲಿ ಅಲೆಯುತ್ತಿದ್ದನು. ಊರಿನ ಪೊಲೀಸ್ ಮುಖ್ಯನಾಗಿದ್ದ ಅಣ್ಣ ವರ್ಜಿಲನು ಅವನನ್ನು ಹೊಡೆದು ಕೆಡವಿ, ಆಯುಧ ಕಸಿದು, ನ್ಯಾಯಾಲಯಕ್ಕೊಯ್ದನು. 25 ಡಾಲರ್ ದಂಡವಾಯಿತು; ಆಯುಧಗಳು ಗ್ರ್ಯಾಂಡ್ ಹೋಟೆಲನ್ನು ಸೇರಿದವು. ಒಂದು ಜೀವವೂ ಹೋಗಲಿಲ್ಲ.

ಮಧ್ಯಾಹ್ನ ಅವನ ಕಡೆಯವರು ಸಶಸ್ತ್ರರಾಗಿ ಊರಲ್ಲೇ ನಿಂತಿದ್ದರು. ಷರೀಫ್ ಬೀಹನ್ ಆಯುಧ ಕೇಳಿದಾಗ, ಮೊದಲು ಅರ್ಪರೂ ಇಳಿಸಲೆಂದು ಫ್ರಾಂಕ್ ಮೆಕ್ಲೌರಿ ಷರತ್ತು ಹಾಕಿದನು. ಆತನ ಕಣ್ಣಿಗೆ ಅವರು ಪೊಲೀಸರಲ್ಲ, ಎದುರಾಳಿಗಳು. ವರ್ಜಿಲನೋ ತಮ್ಮಂದಿರಾದ ವಯಾಟ್, ಮಾರ್ಗನ್ ಹಾಗೂ ವಯಾಟನ ಗೆಳೆಯ ಡಾಕ್ ಹಾಲಿಡೇಯನ್ನೇ ಕರೆದೊಯ್ದನು. ಸುಮಾರು 30 ಸೆಕೆಂಡುಗಳಲ್ಲಿ ಫ್ರಾಂಕನೂ ಸೇರಿ 3 ಮಂದಿ ಗುಂಡಿಗೆ ಬಲಿಯಾದರು.

ನ್ಯಾಯಾಧೀಶ ಸ್ಪೈಸರನು ಅರ್ಪರನ್ನು ಬಿಡುಗಡೆ ಮಾಡಿದರೂ, ಹಗೆಯುಳ್ಳವರನ್ನೇ ನೆರವಿಗೆ ಕರೆದುದು ಅವಿವೇಕವೆಂದು ವರ್ಜಿಲನನ್ನು ಆಕ್ಷೇಪಿಸಿದನು. ಹಗೆ ಬೆಳೆಯಿತು. ಡಿಸೆಂಬರಿನಲ್ಲಿ ವರ್ಜಿಲನ ತೋಳು ಊನವಾಯಿತು; 1882ರ ಮಾರ್ಚಿನಲ್ಲಿ ಮಾರ್ಗನ್ ಹತನಾದನು. ವಯಾಟನು ಸರಕಾರಿ ಅಧಿಕಾರವಿದ್ದಾಗಲೇ ಸೇಡಿಗೆ ಹೊರಟು ಕೊಂದನು. ಕೊನೆಗೆ ವಾರಂಟಿಗೆ ಗುರಿಯಾಗಿ ಅರಿಜೋನಾ ತೊರೆದನು. 1929ರ ಜನವರಿ 13ರಂದು ಲಾಸ್ ಏಂಜಲೀಸಿನಲ್ಲಿ, 80ನೆಯ ವಯಸ್ಸಿನಲ್ಲಿ ತೀರಿಕೊಂಡನು.

ಒಂದೇ ದಿನ, ಒಂದೇ ಕಟ್ಟಳೆ. ಬೆಳಿಗ್ಗೆ ದಂಡ, ಮಧ್ಯಾಹ್ನ ಹೆಣ. ಆಯುಧ ಇಳಿಸೆನ್ನುವ ಅಧಿಕಾರ ಪೊಲೀಸನಿಗೆ ಇರಲೇಬೇಕು. ಆದರೆ ಎದುರು ನಿಂತವನೊಡನೆ ಸ್ವಂತ ಜಗಳವಿರುವವನು ಆ ಕೆಲಸಕ್ಕೆ ಹೋಗಬಾರದೆಂಬುದೇ ಅರ್ಪನ ಬಾಳಿನಿಂದ ನಾವು ಕಲಿಯುವ ಪಾಠ.