ಪಕ್ಷಿತಜ್ಞ ಡಾ. ಸಲೀಂ ಅಲಿ (1896–1987)

ಪಕ್ಷಿವೀಕ್ಷಣೆಗಾಗಿ ಅರಣ್ಯ ಪ್ರದೇಶಗಳಿಗೆ ಭೇಟಿ ನೀಡಬಯಸುವ ಸಾರ್ವಜನಿಕರ ಮಾಹಿತಿಗಾಗಿ, ಭಾರತದ ಪಕ್ಷಿಶಾಸ್ತ್ರಕ್ಕೆ ಭದ್ರ ಬುನಾದಿ ಹಾಕಿದ ಡಾ. ಸಲೀಂ ಅಲಿ ಅವರ ಸಂಕ್ಷಿಪ್ತ ಜೀವನ ಪರಿಚಯವನ್ನು ಇಲ್ಲಿ ನೀಡಲಾಗಿದೆ.

ಜನನ ಮತ್ತು ಬಾಲ್ಯ

ಸಲೀಂ ಅಲಿಯವರು 1896ರ ನವೆಂಬರ್ 12ರಂದು ಮುಂಬಯಿಯಲ್ಲಿ ಜನಿಸಿದರು. ಎಳವೆಯಲ್ಲಿಯೇ ತಂದೆತಾಯಿಯರನ್ನು ಕಳೆದುಕೊಂಡ ಅವರು ಸೋದರಮಾವ ಅಮೀರುದ್ದೀನ್ ತಯಬ್ಜಿಯವರ ಆಶ್ರಯದಲ್ಲಿ ಬೆಳೆದರು. ಬಾಲಕನಾಗಿದ್ದಾಗ ಆಟದ ಬಂದೂಕಿನಿಂದ ಹೊಡೆದ ಗುಬ್ಬಿಯೊಂದರ ಕತ್ತಿನಲ್ಲಿ ಹಳದಿ ಮಚ್ಚೆಯನ್ನು ಕಂಡು ಕುತೂಹಲಗೊಂಡ ಅವರನ್ನು ಮಾವನವರು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಕಳುಹಿಸಿದರು. ಸಂಸ್ಥೆಯ ಕಾರ್ಯದರ್ಶಿ ಮಿಲ್ಲಾರ್ಡ್ ಅವರು ಅದನ್ನು ಹಳದಿ ಕತ್ತಿನ ಗುಬ್ಬಿಯೆಂದು ಗುರುತಿಸಿ, ಸಂಗ್ರಹದಲ್ಲಿದ್ದ ಪಕ್ಷಿಗಳನ್ನು ತೋರಿಸಿದರು. ಈ ಭೇಟಿಯು ಅವರ ಜೀವನದ ದಿಕ್ಕನ್ನು ನಿರ್ಧರಿಸಿತು.

ಉದ್ಯೋಗ ಮತ್ತು ಸಮೀಕ್ಷೆಗಳು

ವಿಶ್ವವಿದ್ಯಾಲಯದ ಪದವಿಯಿಲ್ಲದ ಕಾರಣ ಅವರಿಗೆ ಸರ್ಕಾರಿ ಪ್ರಾಣಿಶಾಸ್ತ್ರ ಸಂಸ್ಥೆಯಲ್ಲಿ ಹುದ್ದೆ ದೊರೆಯಲಿಲ್ಲ. 1926ರಲ್ಲಿ ಮುಂಬಯಿಯ ವಸ್ತುಸಂಗ್ರಹಾಲಯದಲ್ಲಿ ಮಾರ್ಗದರ್ಶಕ ಉಪನ್ಯಾಸಕರಾದರು. ಬರ್ಲಿನ್‌ನಲ್ಲಿ ಪ್ರೊ. ಸ್ಟ್ರೆಸೆಮನ್ ಅವರ ಬಳಿ ತರಬೇತಿ ಪಡೆದು 1930ರಲ್ಲಿ ಹಿಂದಿರುಗಿದಾಗ ಆ ಹುದ್ದೆಯೂ ರದ್ದಾಗಿತ್ತು. ನಿರುದ್ಯೋಗದ ಆ ಅವಧಿಯಲ್ಲಿ ಕಿಹಿಂ ಗ್ರಾಮದಲ್ಲಿದ್ದು ಗೀಜಗ ಪಕ್ಷಿಯ ಸಂತಾನಾಭಿವೃದ್ಧಿ ಕ್ರಮವನ್ನು ಅಭ್ಯಸಿಸಿ ಪ್ರಕಟಿಸಿದರು.

ತದನಂತರ, ಪ್ರವಾಸ ವೆಚ್ಚವನ್ನು ಭರಿಸಿದಲ್ಲಿ ಸಂಭಾವನೆ ಪಡೆಯದೆ ಪಕ್ಷಿ ಸಮೀಕ್ಷೆ ನಡೆಸಿಕೊಡುವುದಾಗಿ ದೇಶೀಯ ಸಂಸ್ಥಾನಗಳಿಗೆ ತಿಳಿಸಿದರು. ಹೈದರಾಬಾದ್, ತಿರುವಾಂಕೂರು, ಕೊಚ್ಚಿ ಮುಂತಾದೆಡೆ ಸಮೀಕ್ಷೆಗಳು ನಡೆದವು. ಪ್ರವಾಸಗಳಲ್ಲಿ ಜೊತೆಗಿರುತ್ತಿದ್ದ ಪತ್ನಿ ತೆಹ್ಮಿನಾ ಅವರು 1939ರಲ್ಲಿ ನಿಧನರಾದರೂ ಕಾರ್ಯವನ್ನು ಕೈಬಿಡದೆ, 1939–40ರಲ್ಲಿ ಮೈಸೂರು ಸಂಸ್ಥಾನದ ಸಮೀಕ್ಷೆಯನ್ನು ಕೈಗೊಂಡರು. ಅವರ ಸಲಹೆಯ ಮೇರೆಗೆ 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು.

ಒಣಭೂಮಿಯ ಪಕ್ಷಿಗಳು

ಹುಲ್ಲುಗಾವಲು ಹಾಗೂ ಕುರುಚಲು ಕಾಡುಗಳನ್ನು ಪಾಳುಭೂಮಿಯೆಂದು ಪರಿಗಣಿಸಲಾಗುತ್ತಿದ್ದ ಕಾಲದಲ್ಲಿ, ಅಲ್ಲಿ ವಾಸಿಸುವ ಎರೆಭೂತ ಪಕ್ಷಿಯೇ ರಾಷ್ಟ್ರಪಕ್ಷಿಯಾಗಬೇಕೆಂದು ಅವರು ಪ್ರತಿಪಾದಿಸಿದರು. 1963ರಲ್ಲಿ ನವಿಲು ಆಯ್ಕೆಯಾಯಿತು. 1900ರ ನಂತರ ಯಾರ ಕಣ್ಣಿಗೂ ಬೀಳದೆ ನಶಿಸಿತೆಂದು ಭಾವಿಸಲಾಗಿದ್ದ ಜೆರ್ಡನ್ಸ್ ಕೋರ್ಸರ್ ಎಂಬ ಪಕ್ಷಿಯನ್ನು, ಅವರ ಸಂಸ್ಥೆಯು 1986ರ ಜನವರಿಯಲ್ಲಿ ಆಂಧ್ರಪ್ರದೇಶದ ಕಡಪ ಜಿಲ್ಲೆಯ ಕುರುಚಲು ಕಾಡಿನಲ್ಲಿ ಪುನಃ ಪತ್ತೆಹಚ್ಚಿತು. ಆಗ ಸಲೀಂ ಅಲಿಯವರಿಗೆ 89 ವರ್ಷ. ನೆರೆಯ ಕರ್ನೂಲು ಭಾಗದಲ್ಲಿ, ಹೊಲಗಳ ನಡುವೆ ಕೇವಲ 6.14 ಚದರ ಕಿ.ಮೀ. ವಿಸ್ತೀರ್ಣದ ರೋಳ್ಳಪಾಡು ಅಭಯಾರಣ್ಯವು 1988ರಲ್ಲಿ ಎರೆಭೂತಕ್ಕಾಗಿಯೇ ಘೋಷಣೆಯಾಯಿತು. ಆದರೆ ಸುತ್ತಲಿನ ಹುಲ್ಲುಭೂಮಿ ಉಳುಮೆಗೆ ಒಳಪಟ್ಟಂತೆ ಆ ಪಕ್ಷಿಯು ಅಲ್ಲಿಂದ ಮರೆಯಾಯಿತು. ಬೇಲಿಯೊಳಗಿನ ಭೂಮಿಯಷ್ಟೇ ಹೊರಗಿನ ಬದು, ಬೀಳು, ಗೋಮಾಳಗಳೂ ಪಕ್ಷಿಗಳಿಗೆ ಅವಶ್ಯಕವೆಂಬುದನ್ನು ಇದು ತಿಳಿಸುತ್ತದೆ.

ಕೃತಿಗಳು ಮತ್ತು ಗೌರವಗಳು

1941ರಲ್ಲಿ ಭಾರತೀಯ ಪಕ್ಷಿಗಳನ್ನು ಕುರಿತ ಅವರ ಪ್ರಸಿದ್ಧ ಕೈಪಿಡಿಯು ಪ್ರಕಟವಾಯಿತು. ಡಿಲ್ಲನ್ ರಿಪ್ಲೆಯವರೊಡನೆ 10 ಸಂಪುಟಗಳ ಬೃಹತ್ ಕೃತಿಯನ್ನು ರಚಿಸಿದರು. 1958ರಲ್ಲಿ ಪದ್ಮಭೂಷಣ, 1976ರಲ್ಲಿ ಪದ್ಮವಿಭೂಷಣ ಪ್ರಶಸ್ತಿಗಳು ಸಂದವು. 1985ರಲ್ಲಿ ರಾಜ್ಯಸಭೆಗೆ ನಾಮಕರಣಗೊಂಡರು. 1987ರ ಜೂನ್ 20ರಂದು ನಿಧನರಾದರು.

ಸಾರ್ವಜನಿಕರ ಗಮನಕ್ಕೆ

ಅಭಯಾರಣ್ಯಗಳ ಪ್ರವೇಶಕ್ಕೆ ಸಂಬಂಧಪಟ್ಟ ಅರಣ್ಯಾಧಿಕಾರಿಗಳ ಪೂರ್ವಾನುಮತಿ ಪಡೆಯತಕ್ಕದ್ದು. ನೆಲದ ಮೇಲೆ ಮೊಟ್ಟೆಯಿಡುವ ಪಕ್ಷಿಗಳಿರುವುದರಿಂದ ಕಾಲುದಾರಿಯನ್ನು ಬಿಟ್ಟು ನಡೆಯಬಾರದು. ಗೂಡು, ಮೊಟ್ಟೆ, ಮರಿಗಳನ್ನು ಮುಟ್ಟಬಾರದು. ಕಂಡ ಪಕ್ಷಿ, ಸ್ಥಳ ಮತ್ತು ದಿನಾಂಕವನ್ನು ಬರೆದಿಟ್ಟುಕೊಳ್ಳುವುದು ಸೂಕ್ತ. ಸಲೀಂ ಅಲಿಯವರ ಸಮೀಕ್ಷೆಗಳು ಇಂತಹ ದಾಖಲೆಗಳಿಂದಲೇ ರೂಪುಗೊಂಡವು.